ಎಡಗಡೆಯ ಜಾಗ

ಚೀಲದ ಹರಿದ ಪಟ್ಟಿಗೆ ಕೊನೆಯ ಹೊಲಿಗೆ ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದು ತಲೆಯೆತ್ತಿದಾಗ ದರ್ಜಿಯ ಕಣ್ಣಿಗೆ ಬಿದ್ದದ್ದು ಎರಡು ಬೆನ್ನು. ಎರಡೂ ಅವನೇ ಹೊಲಿದವು. ಬಲಗಡೆಯದು ಹಸಿರು ಜಾಕೆಟ್ಟು, ಈ ನಡಿಗೆಗೆಂದೇ ಹೋದ ವಾರ ಹೆಂಡತಿಗೆ ಹೊಲಿದುಕೊಟ್ಟದ್ದು. ಎಡಗಡೆಯದು ಕಂದು ಕೋಟು, ಆರು ತಿಂಗಳ ಹಿಂದೆ ಅವಳ ಕಚೇರಿಯ ಮೇಲ್ವಿಚಾರಕರಿಗೆ ಹೊಲಿದದ್ದು. ಬೆಟ್ಟದಲ್ಲಿ ಅಡ್ಡಾಡುವುದಕ್ಕೂ ಕೋಟು ಹಾಕಿಕೊಂಡು ಬರುತ್ತಾನಲ್ಲ, ಎಂಥ ಜನ! ನದಿಯ ಪಕ್ಕದ ಕಾಲುದಾರಿಯಲ್ಲಿ ಆ ಎರಡು ಬೆನ್ನೂ ಒಂದೇ ಥಾನಿನಲ್ಲಿ ಕತ್ತರಿಸಿದ ತುಂಡುಗಳ ಹಾಗೆ ಜೊತೆಜೊತೆಯಾಗಿ ಸಾಗುತ್ತಿದ್ದವು. ದರ್ಜಿ ಸೂಜಿಯನ್ನು ಕಾಲರಿಗೆ ಚುಚ್ಚಿಕೊಳ್ಳುವುದನ್ನೂ ಮರೆತು ನೋಡುತ್ತ ಕುಳಿತ. ನ್ಯಾಯಾಲಯದ ಕಚೇರಿಯವರೆಲ್ಲ ವರ್ಷಕ್ಕೊಮ್ಮೆ ಹೀಗೆ ಹೊರಗೆ ಹೋಗುವುದುಂಟು, ಮನೆಯವರನ್ನೂ ಕರೆದುಕೊಂಡು. ಈ ಸಲ ಬಸ್ಸು ತಂದು ಇಳಿಸಿದ್ದು ಈ ಕಣಿವೆಗೆ. ಹಲಗೆಯ ಮೇಲೆ ಬರೆದಿತ್ತು: ಸುಲಭ ದಾರಿ, ಮೂರು ಕಿಲೋಮೀಟರ್, ಮಕ್ಕಳೂ ವಯಸ್ಸಾದವರೂ ನಡೆಯಬಹುದು. ಈ ದಡದಲ್ಲಿ ಮೇಲಕ್ಕೆ ಹೋಗಿ, ಮೇಲಿನ ಮರದ ಸೇತುವೆ ದಾಟಿ, ಆ ದಡದಲ್ಲಿ ಇಳಿದು, ಕೆಳಗಿನ ಸೇತುವೆಯಲ್ಲಿ ಈಚೆಗೆ ಬಂದರೆ ಮತ್ತೆ ಇದೇ ಬಸ್ಸು. ಎಲ್ಲರೂ ಬಾಣದ ಗುರುತು ನೋಡಿಕೊಂಡು ಹೊರಟಾಗಲೇ ದಾಖಲೆ ಕೋಣೆಯ ಅಕ್ಕನ ಚೀಲದ ಪಟ್ಟಿ ಕಿತ್ತುಬಂತು. 'ಅಯ್ಯೋ, ಅದಕ್ಯಾಕೆ ಚಿಂತೆ, ಮಾಸ್ಟ್ರಿದ್ದಾರಲ್ಲ!' ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ಊರಿಗೆಲ್ಲ ಟೈಲರ್ ಮಾಸ್ಟ್ರಾದವನು ಕಲ್ಲಿನ ಮೇಲೆ ಕೂತು, ರಜಾದಿನವೂ ಬಿಡದ ತನ್ನ ಕಸುಬನ್ನು ಬೈದುಕೊಳ್ಳುತ್ತ ಹೊಲಿದ. ಹೊಲಿದು ಮುಗಿಸುವಷ್ಟರಲ್ಲಿ ಆ ಕೋಟು ಅವಳ ಎಡಗಡೆಗೆ ಬಂದಿತ್ತು.

ಅವಳ ಎಡಗಡೆಗೆ. ಬಲಗಡೆಗೆ ಹೋಗಿದ್ದರೆ ಅವನಿಗೇನೂ ಅನಿಸುತ್ತಿರಲಿಲ್ಲ. ಹೆಂಡತಿಗೆ ಬಲಗಿವಿ ಕೇಳುವುದಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಆ ಕಿವಿಯನ್ನು ಪೂರ್ತಿ ತೆಗೆದುಕೊಂಡು ಹೋಯಿತು. ಮದುವೆಗೆ ಮುಂಚೆ, ಪಾರ್ಕಿನ ಬೆಂಚಿನ ಮೇಲೆ ಅವನು ಏನೋ ಹೇಳುತ್ತಿದ್ದಾಗ ಅವಳು ತಟ್ಟನೆ ಎದ್ದು, ಸುತ್ತು ಹಾಕಿ ಬಂದು, ಅವನ ಇನ್ನೊಂದು ಪಕ್ಕದಲ್ಲಿ ಕೂತಿದ್ದಳು. 'ಹೀಗೆ ಕೂತ್ರೆ ನೀವು ಹೇಳೋದು ಕೇಳಿಸುತ್ತೆ. ಆ ಕಡೆ ಕಿವಿ ಹೋಗಿದೆ. ನಮ್ಮಪ್ಪ ಅಮ್ಮನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ. ಬೇಡ ಅನ್ನೋದಾದ್ರೆ ಈಗ್ಲೇ ಹೇಳ್ಬಿಡಿ, ಬೇಜಾರಿಲ್ಲ. ಆದ್ರೆ ಇನ್ಯಾರ ಹತ್ರಾನೂ ಬಾಯಿ ಬಿಡ್ಬೇಡಿ' ಎಂದಿದ್ದಳು. ಇಪ್ಪತ್ತಾರು ವರ್ಷದ ದರ್ಜಿ ಅವತ್ತು ಯಾರೋ ಬೀಗದ ಕೈ ಕೊಟ್ಟಂತಾಗಿ ಹಿಗ್ಗಿಹೋಗಿದ್ದ. ಅವಳ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಈ ಭೂಮಿಯ ಮೇಲೆ ಈ ವಿಷಯ ಗೊತ್ತಿದ್ದವನು ಅವನೊಬ್ಬನೇ. ಹತ್ತೊಂಬತ್ತು ವರ್ಷ ಅವನು ಅವಳ ಎಡಗಡೆ ನಡೆದಿದ್ದಾನೆ. ಬೀದಿಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ. ಬಲಗಡೆಯಿಂದ ಯಾರಾದರೂ ಮಾತಾಡಿಸಿದರೆ ಅವಳ ಮೊಣಕೈಯನ್ನು ಮೆಲ್ಲಗೆ ಎರಡು ಸಲ ಒತ್ತುತ್ತಾನೆ, ಅವಳು ಸಹಜವಾಗಿ ತಿರುಗುತ್ತಾಳೆ. ಯಾರಿಗೂ ಸುಳಿವು ಸಿಗುವುದಿಲ್ಲ. ಗಂಡ ಹೆಂಡತಿ ಎಷ್ಟು ಅನ್ಯೋನ್ಯ ಎಂದು ಜನ ಮೆಚ್ಚಿಕೊಂಡದ್ದೂ ಉಂಟು. ಮೆಚ್ಚಿಕೊಳ್ಳಲಿ ಬಿಡಿ, ಅವನಿಗದು ಬೇಕೂ ಆಗಿತ್ತು. ಬೇರೆ ಗಂಡಂದಿರಿಗೆ ಹೆಂಡತಿಯ ಮೇಲೆ ಏನೇನು ಹಕ್ಕಿರುತ್ತದೋ ಅವನಿಗೆ ಗೊತ್ತಿಲ್ಲ, ಅವಳ ಸಂಬಳ ಅವನ ಸಂಪಾದನೆಗಿಂತ ಹೆಚ್ಚು, ಓದು ಹೆಚ್ಚು, ಮಾತು ಚುರುಕು. ಅವನಿಗೆ ಅಂತ ಇದ್ದದ್ದು ಒಂದು ಮೊಳ ಅಗಲದ ಆ ಎಡಗಡೆಯ ಜಾಗ. ಅದರಲ್ಲಿ ಈಗ ಕಂದು ಕೋಟು ಹೋಗುತ್ತಿತ್ತು. ಹೇಗೆ ಗೊತ್ತಾಯಿತು ಅವನಿಗೆ? ಅವಳೇ ಹೇಳಿರಬೇಕು. ಇನ್ಯಾರು ಹೇಳುತ್ತಾರೆ?

'ಮಾಸ್ಟ್ರೇ, ಬದುಕಿದೆ ಕಣ್ರೀ. ಬನ್ನಿ ಹೋಗೋಣ, ಆಗ್ಲೇ ಎಲ್ಲ ಮುಂದೆ ಹೋದ್ರು' ಎಂದು ದಾಖಲೆ ಅಕ್ಕ ಚೀಲ ಹೆಗಲಿಗೇರಿಸಿದರು. ಅವರದು ತುಂಬ ದೊಡ್ಡ ಗಂಟಲು. ಕಡತಗಳ ಕಪಾಟಿನ ಆಚೆ ಬದಿಗೆ ಕೇಳಿಸುವ ಹಾಗೆ ಮೂವತ್ತು ವರ್ಷ ಮಾತಾಡಿ ಗಂಟಲು ಹಾಗಾಗಿದೆ ಎಂದು ಅವರೇ ನಗುತ್ತಿದ್ದರು. 'ನೀವು ಹೋಗ್ತಿರಿ ಅಕ್ಕ, ಕೂತು ಕೂತು ಕಾಲು ಹಿಡ್ಕೊಂಡಿದೆ, ಬಂದೆ' ಎಂದ ದರ್ಜಿ. ಕಾಲು ಹಿಡಿದುಕೊಂಡಿರಲಿಲ್ಲ. ಹಿಡಿದುಕೊಂಡದ್ದು ಇನ್ನೇನೋ. ಅಷ್ಟು ದೂರದಲ್ಲಿ ಹೆಂಡತಿಯ ತಲೆ ಎಡಕ್ಕೆ ವಾಲಿತ್ತು. ಆ ವಾಲುವಿಕೆ ಅವನಿಗೆ ಅಳತೆ ಪಟ್ಟಿ ಹಿಡಿದಷ್ಟು ಗೊತ್ತು. ಅಡುಗೆಮನೆಯಲ್ಲಿ ಕುಕ್ಕರಿನ ಸದ್ದಿನ ನಡುವೆ ಅವನ ಮಾತು ಕೇಳಿಸಿಕೊಳ್ಳುವಾಗ ವಾಲುವ ಹಾಗೆಯೇ ವಾಲಿತ್ತು. ಮೇಲ್ವಿಚಾರಕರಿಗೆ ಕಚೇರಿಯಲ್ಲಿ ಪಿಸು ಸಾಹೇಬರು ಎಂದು ಹೆಸರು. ಗಂಟಲಿಗೆ ಹತ್ತಿ ಇಟ್ಟುಕೊಂಡವರ ಹಾಗೆ ಅಷ್ಟು ಮೆಲ್ಲಗೆ ಮಾತು, ಜವಾನನಿಂದ ನ್ಯಾಯಾಧೀಶರವರೆಗೆ ಎಲ್ಲರೂ ಬಗ್ಗಿ ಕೇಳಬೇಕು. ಇದು ದರ್ಜಿಗೆ ಗೊತ್ತಿರದ ಸಂಗತಿಯಲ್ಲ. ಅಳತೆ ಕೊಡಲು ಬಂದಾಗ ಅವನೂ ಬಗ್ಗಿದ್ದ. ಆದರೆ ಹೊಟ್ಟೆಕಿಚ್ಚು ಹತ್ತಿದವನಿಗೆ ತಾನು ಬಗ್ಗಿದ್ದು ನೆನಪಿಗೆ ಬರುವುದಿಲ್ಲ ನೋಡಿ, ಹೆಂಡತಿ ಬಗ್ಗಿದ್ದಷ್ಟೇ ಕಣ್ಣಿಗೆ ಹೊಡೆಯುತ್ತದೆ. ಒಂದು ತಿಂಗಳಿಂದ ಮನೆಯಲ್ಲಿ ಅದೇ ಹಾಡು. ಸಾಹೇಬರು ಹಾಗಂದರು, ಸಾಹೇಬರು ಹೀಗಂದರು, ಸಾಹೇಬರು ನನ್ನ ಹೆಸರು ಮೇಲಿನ ಕೋರ್ಟಿಗೆ ಕಳಿಸುತ್ತಾರಂತೆ. ಅನ್ನ ಬಡಿಸುವಾಗ ಸಾಹೇಬರು, ಬಟ್ಟೆ ಮಡಿಸುವಾಗ ಸಾಹೇಬರು. ಹಸಿರು ಜಾಕೆಟ್ಟಿನ ತೋಳಿಗೆ ಗುಂಡುಪಿನ್ನು ಹಾಕಿ ಅಳತೆ ನೋಡುವಾಗ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು 'ಸಾಹೇಬ್ರಿಗೂ ನಿಮ್ಮ ಕೆಲ್ಸ ಅಂದ್ರೆ ಇಷ್ಟ ರೀ' ಎಂದಿದ್ದಳು. ಪಿನ್ನು ಅವನ ಬೆರಳಿಗೇ ಚುಚ್ಚಿಕೊಂಡಿತ್ತು. ಅವಳು ನೋಡಲಿಲ್ಲ.

ಅವನು ಬಾಣದ ಗುರುತಿನ ಕಡೆ ಹೋಗಲಿಲ್ಲ. ಹಿಂದೆ ಹಿಂದೆ ಹೋದರೆ ಬೆನ್ನುಗಳನ್ನಷ್ಟೇ ನೋಡಬೇಕು, ಹತ್ತಿರ ಹೋಗುವಷ್ಟರಲ್ಲಿ ಹೆಜ್ಜೆಸದ್ದಿಗೆ ಇಬ್ಬರೂ ಮುಖ ಸರಿಮಾಡಿಕೊಳ್ಳುತ್ತಾರೆ. ದಾರಿ ಹೇಗೂ ಸುತ್ತಿ ಬರುವಂಥದ್ದು. ಕೆಳಗಿನ ಸೇತುವೆ ದಾಟಿ ಆ ದಡದಿಂದ ಹತ್ತಿದರೆ ಅವರು ಎದುರಿಗೇ ಬರುತ್ತಾರೆ. ಮುಖ ನೋಡಬಹುದು, ತಾನು ಅವರಿಗೆ ಕಾಣಿಸುವುದಕ್ಕೆ ಒಂದು ಗಳಿಗೆ ಮುಂಚೆ ನೋಡಿದರೆ ಸಾಕು. ಕೋಟಿನ ಗುಣ ಎದುರಿನಿಂದ ಗೊತ್ತಾಗುತ್ತದೆಯೇ ಹೊರತು ಬೆನ್ನಿನಿಂದಲ್ಲ ಎಂದು ತನಗೆ ತಾನೇ ಹೇಳಿಕೊಂಡ, ಏನೋ ಜಾಣ ಕೆಲಸ ಮಾಡುತ್ತಿರುವವನ ಹಾಗೆ. ಸೇತುವೆಯ ಹಲಗೆಗಳು ಒದ್ದೆಯಾಗಿದ್ದವು. ಕೆಳಗೆ ನೀರು ಬಂಡೆಗಳ ನಡುವೆ ನುಗ್ಗಿ ಬಿಳಿಯಾಗಿ ಒಡೆಯುತ್ತಿತ್ತು. ಆಚೆ ದಡ ಹಿಡಿದಾಗ ಆ ಸದ್ದು ಅವನ ಎಡಗಿವಿಗೆ ಬಂದು ಕೂತಿತು, ನಡೆದಷ್ಟು ಹೊತ್ತೂ ಬಿಡಲಿಲ್ಲ. ತಲೆಯೊಳಗೆ ಅದಕ್ಕಿಂತ ದೊಡ್ಡ ಗದ್ದಲವಿದ್ದುದರಿಂದ ಅವನು ಅದರ ಕಡೆ ಗಮನ ಕೊಡಲಿಲ್ಲ.

ದಾರಿ ಸುಲಭದ್ದೇ. ಏರು ಇದ್ದೂ ಇಲ್ಲದ ಹಾಗೆ. ಪೈನ್ ಮರದ ಉದುರಿದ ಎಲೆ ಕಾಲಡಿ ಮೆತ್ತಗಿತ್ತು. ಇಷ್ಟು ಸುಲಭದ ದಾರಿಯಲ್ಲೂ ಅವನಿಗೆ ಮೇಲುಸಿರು ಬಂತು. ಅಮ್ಮ ನೆನಪಾದಳು. ಅಮ್ಮ ಏಳು ವರ್ಷ ಅವರ ಜೊತೆ ಇದ್ದಳು, ಏಳು ವರ್ಷವೂ ಸೊಸೆಗೆ ಜಂಬ ಎಂದೇ ತಿಳಿದಿದ್ದಳು. 'ಪಕ್ಕದಲ್ಲೇ ನಿಂತು ಕರೆದ್ರೂ ತಿರುಗಿ ನೋಡಲ್ಲ ಕಣೋ ನಿನ್ ಹೆಂಡ್ತಿ. ನಾನೇನು ಕಾಲಿನ ಕಸಾನಾ ಅವ್ಳಿಗೆ?' ಎಂದು ಕಣ್ಣೊರೆಸಿಕೊಂಡಿದ್ದಳು. ಬಲಗಡೆ ನಿಂತು ಕರೆದಿರುತ್ತಿದ್ದಳು ಅಷ್ಟೆ. ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. 'ಅವಳ ಸ್ವಭಾವಾನೇ ಹಾಗಮ್ಮ' ಎಂದಿದ್ದ. ಅಮ್ಮ ಆ ನೋವನ್ನು ಹಾಗೇ ಕಟ್ಟಿಕೊಂಡು ಹೋದಳು. ಹೆಂಡತಿಗೆ ಕೊಟ್ಟ ಮಾತಿಗಾಗಿ ಹೆತ್ತ ತಾಯಿಗೇ ಸುಳ್ಳು ಹೇಳಿದವನು ತಾನು. ಈ ಪಿಸು ಸಾಹೇಬ ಏನು ಕೊಟ್ಟಿದ್ದಾನೆ ಅವಳಿಗೆ? ಒಂದು ಶಿಫಾರಸು ಪತ್ರ. ಒಂದು ಕಾಗದಕ್ಕೆ ಇಷ್ಟು ವರ್ಷದ ಗುಟ್ಟನ್ನು ತೆಗೆದು ಅವನ ಕೈಗಿಟ್ಟುಬಿಟ್ಟಳಲ್ಲ. ಎಲ್ಲಿ ಹೇಳಿರಬಹುದು? ಊಟದ ಬಿಡುವಿನಲ್ಲಿ, ಕಾರಿಡಾರಿನ ಕಿಟಕಿಯ ಹತ್ತಿರ? ಅವತ್ತು ಪಾರ್ಕಿನಲ್ಲಿ ಎದ್ದು ಬಂದ ಹಾಗೆಯೇ ಎದ್ದು, ಸುತ್ತು ಹಾಕಿ ಬಂದು ಕೂತಳೇ? ಆ ಮಾತನ್ನೇ ಆಡಿದಳೇ, ಹೀಗೆ ಕೂತರೆ ನೀವು ಹೇಳೋದು ಕೇಳಿಸುತ್ತೆ ಎಂದು? ದರ್ಜಿ ನಡು ದಾರಿಯಲ್ಲಿ ನಿಂತುಬಿಟ್ಟ. ಕೋಟಿನವನು ಅವಳ ಕೈ ಹಿಡಿದಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ ಎನಿಸಿ, ಹಾಗೆ ಅನಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಎದುರಿಗೆ ಮೂವರು ಚಿಕ್ಕ ವಯಸ್ಸಿನ ಗುಮಾಸ್ತರು ದಾಪುಗಾಲು ಹಾಕುತ್ತ ಬಂದರು. 'ಅರೆ ಮಾಸ್ಟ್ರೇ, ಇದೇನು ಉಲ್ಟಾ? ದಾರಿ ತಪ್ಪಿದ್ರಾ?' 'ಮಾಸ್ಟ್ರು ಒಳಗಿನ ಹೊಲಿಗೆ ನೋಡ್ತಿದ್ದಾರೆ ಕಣ್ರೋ' ಎಂದ ಇನ್ನೊಬ್ಬ. ಮೂರನೆಯವನು 'ಮಾಸ್ಟ್ರೇ, ನನ್ನ ಪ್ಯಾಂಟು ಸೋಮವಾರ ಸಿಗುತ್ತಾ?' ಎಂದ. ಸಿಗುತ್ತದೆ ಎಂದು ದರ್ಜಿ ಹಲ್ಲು ಕಿರಿದ. ಈ ಜನರಲ್ಲಿ ಒಬ್ಬರಿಗೂ ತಾನು ಮನುಷ್ಯನ ಹಾಗೆ ಕಾಣುವುದಿಲ್ಲ, ಕಾಣುವುದು ಬರೀ ಕತ್ತರಿಯ ಹಾಗೆ. ಹೆಂಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಅವಳು ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಬೆರಳಚ್ಚು ಮಾಡುವವಳು, ಸಾಕ್ಷಿಯ ಬಾಯಿಂದ ಬಂದದ್ದು ಕಾಗದಕ್ಕೆ ಇಳಿಯುವುದು ಅವಳ ಕಿವಿಯ ಮೂಲಕವೇ. ಎರಡನೇ ನಂಬರಿನ ಕೋರ್ಟ್ ಹಾಲಿನಲ್ಲಿ ಸಾಕ್ಷಿಕಟ್ಟೆ ಅವಳ ಕುರ್ಚಿಯ ಬಲಗಡೆ ಇದೆ ಎಂದು, ಕಿಟಕಿಯ ಗಾಳಿಗೆ ನೆಗಡಿಯಾಗುತ್ತದೆ ಎಂಬ ನೆಪ ಹೇಳಿ ಮೂರನೇ ಹಾಲಿಗೆ ವರ್ಗ ಮಾಡಿಸಿಕೊಂಡಿದ್ದಳು. ಅಲ್ಲಿ ಕಟ್ಟೆ ಎಡಗಡೆ. ಹದಿನಾರು ವರ್ಷದಲ್ಲಿ ಒಂದು ಶಬ್ದ ತಪ್ಪಿಲ್ಲ ಎಂದು ವಕೀಲರೇ ಹೇಳುತ್ತಾರೆ. 'ಆದ್ರೂ ಒಂದು ಕಿವಿ ಇಲ್ಲ ಅಂತ ಯಾರಿಗಾದ್ರೂ ಗೊತ್ತಾದ್ರೆ ಮುಗೀತು ರೀ,' ಎಂದಿದ್ದಳು ಒಂದು ದಿನ, 'ಕೇಸು ಸೋತವರೆಲ್ಲ ಎದ್ದು ಬರ್ತಾರೆ. ನಾನು ಹಾಗಂದಿರ್ಲಿಲ್ಲ, ಅವಳಿಗೆ ಕೇಳಿಸಿಲ್ಲ ಅಂತಾರೆ. ಬರೆದಿದ್ದೆಲ್ಲ ಕೆದಕ್ತಾರೆ. ಮೇಲಿನ ಕೋರ್ಟಿರ್ಲಿ, ಇರೋ ಕುರ್ಚಿನೂ ಉಳಿಯಲ್ಲ.' ಹೀಗೆ ಹೇಳಿದವಳೇ ಹೋಗಿ ಮೇಲ್ವಿಚಾರಕನಿಗೇ ಹೇಳಿದ್ದಾಳೆ ಎಂದರೆ, ಅವನನ್ನು ಎಷ್ಟು ನಂಬಿರಬೇಕು? ದರ್ಜಿ ಲೆಕ್ಕ ಹಾಕಿದ ರೀತಿ ಹೀಗೆ. ಹೇಳಿರಲಾರಳು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿರಲಿಲ್ಲ. ಅದನ್ನೇ ಹೇಳಿದ್ದಾಳೆ ಎಂಬುದಕ್ಕೆ ಕಾರಣ ಮಾಡಿಕೊಂಡ ಮಹಾಶಯ.

ಪಿಸು ಸಾಹೇಬನ ಗುಟ್ಟೂ ಅವನ ಹತ್ತಿರ ಇತ್ತು. ಆ ಮನುಷ್ಯನ ಎಡಹೆಗಲು ಬಲಹೆಗಲಿಗಿಂತ ಒಂದೂಕಾಲು ಅಂಗುಲ ಕೆಳಗಿದೆ. ಕೋಟಿನ ಒಳಗೆ ಎರಡು ಪದರ ಹತ್ತಿಯ ಮೆತ್ತೆ ಇಟ್ಟು, ಮೂರು ಸಲ ಬಿಚ್ಚಿ ಹೊಲಿದು, ದರ್ಜಿ ಅದನ್ನು ನೇರ ಮಾಡಿದ್ದಾನೆ. ಕನ್ನಡಿಯ ಮುಂದೆ ನಿಂತು ಸಾಹೇಬರು ತಮ್ಮ ಹೆಗಲನ್ನು ತಾವೇ ಗುರುತು ಹಿಡಿಯಲಾರದೆ ಎಷ್ಟೋ ಹೊತ್ತು ನೋಡಿಕೊಂಡು, 'ಥ್ಯಾಂಕ್ಸ್' ಎಂದು ಪಿಸುಗುಟ್ಟಿದ್ದರು. ಅಪ್ಪನ ಕಾಲದಿಂದಲೂ ಅಂಗಡಿಯಲ್ಲಿ ಒಂದು ನಿಯಮ. ಎದೆ, ಸೊಂಟ, ತೋಳು ಎಲ್ಲವನ್ನೂ ಬಾಯಿಬಿಟ್ಟು ಹೇಳಿ ಬರೆದುಕೊಳ್ಳಬಹುದು. ಮೈಯ ಊನವನ್ನು ಮಾತ್ರ ಹೇಳುವ ಹಾಗಿಲ್ಲ, ಅಂಕಿಯಲ್ಲೂ ಬರೆಯುವ ಹಾಗಿಲ್ಲ. ಗೂನು, ಕುಗ್ಗಿದ ಹೆಗಲು, ಗಿಡ್ಡಾದ ತೋಳು, ಏನೇ ಇರಲಿ, ಅಳತೆ ಪುಸ್ತಕದಲ್ಲಿ ಆ ಜಾಗಕ್ಕೆ ಒಂದು ಚುಕ್ಕೆ ಇಟ್ಟು ಉಳಿದದ್ದನ್ನು ಕೈಯಲ್ಲಿ ನೆನಪಿಟ್ಟುಕೊಳ್ಳಬೇಕು. 'ಬಟ್ಟೆ ಬಿಚ್ಚಿ ನಿಂತೋರ ವಿಷ್ಯ ಆಡ್ಕೊಳ್ಳೋನು ದರ್ಜಿಯಲ್ಲ, ಕಳ್ಳ' ಎನ್ನುತ್ತಿದ್ದ ಅಪ್ಪ. ಇಷ್ಟು ವರ್ಷದಲ್ಲಿ ಅವನ ಪುಸ್ತಕದಲ್ಲಿ ಎಷ್ಟು ಚುಕ್ಕೆಗಳಿವೆಯೋ, ಒಂದೂ ಬಾಯಿಗೆ ಬಂದಿಲ್ಲ. ಇವತ್ತು ಬರಲಿ ಎಂದುಕೊಂಡ. ಎಲ್ಲರ ಎದುರಿಗೆ, ನಗುನಗುತ್ತಲೇ, ಸಾಹೇಬ್ರೇ ಮೆತ್ತೆ ಸರಿದಿದೆಯೇನೋ, ಎಡಹೆಗಲು ಮತ್ತೆ ಇಳಿದ ಹಾಗೆ ಕಾಣ್ತಿದೆ ಅಂದುಬಿಟ್ಟರೆ? ಆ ಮುಖ ಹೇಗಾಗಬಹುದು! ವಾಕ್ಯವನ್ನು ಎರಡು ಮೂರು ಸಲ ಬಾಯೊಳಗೆ ಆಡಿ ನೋಡಿದ. ಪ್ರತಿ ಸಲವೂ ರುಚಿಯಾಗಿತ್ತು. ಹೆಂಡತಿ ಆ ಹೆಗಲು ನೋಡಬೇಕು. ತನ್ನ ಗಂಡನ ಕೈಯಿಲ್ಲದಿದ್ದರೆ ಈ ಮನುಷ್ಯ ಹೇಗೆ ನಿಲ್ಲುತ್ತಾನೆಂದು ನೋಡಬೇಕು.

ದಾರಿ ಒಂದು ತಿರುವು ತೆಗೆದುಕೊಂಡಿತು. ಮೇಲಿನ ಮರದ ಸೇತುವೆ ಕಂಡಿತು. ಅದರ ಈಚೆಗೆ, ಸಮತಟ್ಟಾದ ಹುಲ್ಲಿನ ಮೇಲೆ ಎರಡು ಉದ್ದ ಬೆಂಚು, ಹನ್ನೊಂದು ಹನ್ನೆರಡು ಜನ. ಬ್ರೆಡ್ಡು ಹಣ್ಣು ಹಂಚಿಕೆಯಾಗುತ್ತಿತ್ತು. ಎದುರಿನಿಂದ ಮುಖ ನೋಡುವ ಅವನ ಯೋಚನೆ ಇಲ್ಲಿಗೆ ಮುಗಿಯಿತು, ಯಾಕೆಂದರೆ ಅವರು ನಡೆಯುತ್ತಲೇ ಇರಲಿಲ್ಲ. ಹೆಂಡತಿ ಬೆಂಚಿನ ಮೇಲೆ ಕೂತಿದ್ದಳು, ಅವಳ ಎಡಕ್ಕೆ ಪಿಸು ಸಾಹೇಬ. ಅವನು ಏನೋ ಹೇಳಿದ. ಅವಳು ತಲೆ ವಾಲಿಸಿ ಕೇಳಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ದರ್ಜಿಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ.

'ಓ, ನಮ್ಮ ಮಾಸ್ಟ್ರು ಆಕಾಶದಿಂದ ಇಳಿದ್ರಾ?' ಎಂದು ದಾಖಲೆ ಅಕ್ಕ ಕೂಗಿದರು. 'ಹಿಂದೆ ಬರ್ತೀನಿ ಅಂದೋರು ಮುಂದಿಂದ ಬಂದ್ರಲ್ಲ!'

'ಯಾಕ್ರೀ ಹೀಗೆ ಬಂದ್ರಿ?' ಎಂದಳು ಹೆಂಡತಿ. ಅವಳ ಮುಖ ಬೆಳಕಾಗಿತ್ತು. 'ನಾನು ಹಿಂದೆ ನೋಡಿ ನೋಡಿ ಸಾಕಾಯ್ತು. ಒಳ್ಳೆ ಸುದ್ದಿ ಇದೆ.'

ಪಿಸು ಸಾಹೇಬರು ಅರ್ಧ ಎದ್ದರು. ಕೋಟು ಸರಿಮಾಡಿಕೊಂಡರು. ಏನೋ ಹೇಳಿದರು, ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಅವಳ ಬಲಗಡೆ ಬೆಂಚಿನ ಮೇಲೆ ಖಾಲಿ ಇದ್ದ ಜಾಗವನ್ನು ಕೈಯಲ್ಲಿ ತೋರಿಸಿ ಮತ್ತೆ ಸ್ವಲ್ಪ ಜೋರಾಗಿ ಹೇಳಿದರು: 'ಬನ್ನಿ ಮಾಸ್ಟ್ರೇ. ಆ ಕಡೆ ಕೂತ್ಕೊಳ್ಳಿ.'

ಆ ಕಡೆ. ತನ್ನ ಹೆಂಡತಿಯ ಯಾವ ಕಡೆ ಕೂರಬೇಕೆಂದು ತನಗೆ ಇವನು ತೋರಿಸುತ್ತಾನೆ! ಬಾಯೊಳಗೆ ಸಿದ್ಧವಾಗಿದ್ದ ಹೆಗಲಿನ ಮಾತು ನಾಲಿಗೆಯ ತುದಿಗೆ ಬಂತು, ಬಂದು ಅಲ್ಲೇ ಸಿಕ್ಕಿಕೊಂಡಿತು. ಇಷ್ಟು ವರ್ಷದ ಚುಕ್ಕೆಗಳ ಅಭ್ಯಾಸ ಅದನ್ನು ತಡೆಯಿತು, ಗಿರಾಕಿಯ ಮೈಯ ಊನ ಅವನ ಬಾಯಿಂದ ಬರಲೇ ಇಲ್ಲ. ಹೆಂಡತಿಯ ಊನಕ್ಕೆ ಯಾವ ಪುಸ್ತಕದಲ್ಲೂ ಚುಕ್ಕೆ ಇರಲಿಲ್ಲ.

'ಆ ಕಡೆ ಕೂತು ಏನ್ ಮಾಡ್ಲಿ ಸಾಹೇಬ್ರೇ?' ಎಂದ, ನಗುತ್ತಲೇ. 'ಆ ಕಿವಿ ಅವಳಿಗೆ ಕೇಳ್ಸೋದೇ ಇಲ್ಲ ಅಂತ ನಿಮಗೂ ಗೊತ್ತಲ್ಲ. ಗೊತ್ತಿದ್ದೇ ತಾನೇ ಎಡಗಡೆ ಹಿಡ್ಕೊಂಡು ಹೊರಟಿದ್ದು?'

ಪಿಸು ಸಾಹೇಬರು ಅವನನ್ನು ನೋಡಿದರು. ಬಟ್ಟೆ ತೊಡಿಸಿ ಮುಖ ನೋಡುವುದು ದರ್ಜಿಗೆ ಇಪ್ಪತ್ತೈದು ವರ್ಷದ ಕೆಲಸ. ತೋಳು ಬಿಗಿಯಾದದ್ದನ್ನು ಗಿರಾಕಿ ಹೇಳುವ ಮುಂಚೆ ಅವನ ಹುಬ್ಬಿನಲ್ಲಿ ಓದಬಲ್ಲ. ಈ ಮುಖದಲ್ಲಿ ಏನೂ ಇರಲಿಲ್ಲ. ತಪ್ಪಿತಸ್ಥನ ಗಲಿಬಿಲಿ ಇಲ್ಲ, ಸಿಕ್ಕಿಬಿದ್ದವನ ಬೆವರಿಲ್ಲ. ಬರೀ ಒಂದು ಪ್ರಶ್ನೆ ಇತ್ತು.

'ಯಾವ ಕಿವಿ?' ಎಂದರು ಸಾಹೇಬರು.

ಅವರ ಗಂಟಲಿನಿಂದ ಅಷ್ಟು ಸ್ಪಷ್ಟವಾಗಿ ಮಾತು ಬಂದದ್ದನ್ನು ಕಚೇರಿಯವರು ಕೇಳಿರಲಿಲ್ಲ. ಎಲ್ಲರೂ ತಿರುಗಿದರು. ದರ್ಜಿ ಹೆಂಡತಿಯ ಕಡೆ ನೋಡಿದ. ಅವಳ ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು ಇತ್ತು. ಮುಖದ ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ, ಅಂಗಡಿಯ ಬಾಗಿಲು ಹಾಕಿದ ಮೇಲೂ ಒಳಗೆ ಉಳಿದ ದೀಪದ ಹಾಗೆ ಇತ್ತು. ಅವಳು ಕೋಪಿಸಿಕೊಳ್ಳಲಿಲ್ಲ. ಅವನಿಗೆ ಈಗ ಕೋಪವಾದರೂ ಬೇಕಿತ್ತು. ಹಣ್ಣಿನ ಸಿಪ್ಪೆಯನ್ನು ಮತ್ತೆ ಮೇಲಕ್ಕೆ ಮುಚ್ಚಿ, ಬೆಂಚಿನ ಮೇಲಿಟ್ಟು, ಸಾಕ್ಷಿ ಹೇಳುವವರ ಹಾಗೆ ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು ಹೇಳಿದಳು: 'ಬಲಗಿವಿ ಸಾರ್. ಚಿಕ್ಕಂದಿನಿಂದ.'

'ಅಯ್ಯೋ, ಹೌದಾ!' ಎಂದರು ದಾಖಲೆ ಅಕ್ಕ. 'ಇಷ್ಟು ವರ್ಷ ಒಟ್ಟಿಗಿದ್ದೂ ನಮಗೆ ಗೊತ್ತೇ ಆಗ್ಲಿಲ್ವಲ್ಲೇ!' ಒಬ್ಬೊಬ್ಬರೇ ಅಯ್ಯೋ ಎಂದರು. ನಮ್ಮ ಚಿಕ್ಕಪ್ಪನಿಗೂ ಹೀಗೇ, ಒಳ್ಳೆ ಡಾಕ್ಟರಿದ್ದಾರೆ, ಈಗೆಲ್ಲ ಸಣ್ಣ ಮಿಷನ್ನು ಬಂದಿದೆ, ಹೊರಗೆ ಕಾಣೋದೇ ಇಲ್ಲ. ಎಲ್ಲರೂ ಒಳ್ಳೆಯವರೇ. ಎಲ್ಲರೂ ಮಗುವಿನ ಜೊತೆ ಮಾತಾಡುವ ಹಾಗೆ ಬಿಡಿಸಿ ಬಿಡಿಸಿ, ಜೋರಾಗಿ ಮಾತಾಡತೊಡಗಿದರು. ಅವಳು ಎಲ್ಲರಿಗೂ ತಲೆಯಾಡಿಸಿದಳು. ಸಾಹೇಬರು ನದಿಯ ಕಡೆ ತಿರುಗಿ ನಿಂತು, ಮತ್ತೆ ತಮ್ಮ ಹಳೆಯ ಗಂಟಲಿಗೇ ಮರಳಿ, 'ಶಿಫಾರಸು ಪತ್ರ ಸೋಮವಾರ ಹೋಗಬೇಕಿತ್ತು. ಅದನ್ನೇ ಹೇಳ್ತಿದ್ದೆ ಅವರಿಗೆ. ಆದರೆ... ಇದನ್ನ ನಾನು ಕೇಳಿಸಿಕೊಂಡಿಲ್ಲ ಅಂದ್ಕೊಳ್ಳೋಕೆ ಆಗಲ್ಲ ಮಾಸ್ಟ್ರೇ. ನನ್ನ ಕೆಲಸ ಅಂಥದ್ದು' ಎಂದರು. ದರ್ಜಿ ಬಗ್ಗಿ ಕೇಳಿಸಿಕೊಂಡ.

ಎಲ್ಲರೂ ಎದ್ದು ಹೊರಟರು. ಈಗ ಅವನೂ ಬಾಣದ ಗುರುತಿನ ಪ್ರಕಾರವೇ, ಅವರ ಜೊತೆ ಇಳಿಯಬೇಕಿತ್ತು. ಬಲಗಡೆ ನದಿ, ಎಡಗಡೆ ಬೆಟ್ಟ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅವನಿಗೆ ಅರ್ಥವಾಯಿತು, ಅರ್ಥವಾಗಬಾರದಿತ್ತು ಎನಿಸುವಷ್ಟು ಚೆನ್ನಾಗಿ ಅರ್ಥವಾಯಿತು. ಈ ದಾರಿಯಲ್ಲಿ ಬಾಣದ ಕಡೆಗೆ ನಡೆದರೆ ಎರಡು ದಡದಲ್ಲೂ ನದಿ ಬಲಕ್ಕೇ ಇರುತ್ತದೆ. ಅವಳು ಹೊರಟ ಕೂಡಲೇ ನೀರಿನ ಬದಿಗೆ ಸರಿದುಕೊಂಡಿದ್ದಾಳೆ, ಆ ಗದ್ದಲವನ್ನೆಲ್ಲ ಕೇಳದ ಕಿವಿಗೆ ಬಿಟ್ಟು ಕೇಳುವ ಕಿವಿಯನ್ನು ಖಾಲಿ ಇಟ್ಟುಕೊಳ್ಳಲು. ಇಂಥ ಸಣ್ಣ ಸಣ್ಣ ಉಪಾಯಗಳಲ್ಲೇ ಅವಳು ಬದುಕಿದ್ದು. ಜೊತೆಗೆ ಯಾರು ಬಂದರೂ ಅವರಿಗೆ ಉಳಿಯುತ್ತಿದ್ದದ್ದು ಎಡಗಡೆಯೇ, ಆ ಗುಮಾಸ್ತರಲ್ಲೊಬ್ಬ ಬಂದಿದ್ದರೂ, ದಾಖಲೆ ಅಕ್ಕ ಬಂದಿದ್ದರೂ. ಹಿಂದೆ ನೋಡಿ ನೋಡಿ ಸಾಕಾಯ್ತು ಎಂದಳಲ್ಲ. ನೋಡಿದ್ದಾಳೆ, ಪಾಪ, ಅವನು ಬರುತ್ತಾನೆ ಎಂದು. ಅವನು ಆಗ ಆಚೆ ದಡದಲ್ಲಿ ಅವಳ ಮುಖ ಹಿಡಿಯಲು ಹೊಂಚು ಹಾಕುತ್ತ ಹತ್ತುತ್ತಿದ್ದ. ಥತ್, ಎಂದುಕೊಂಡ. ಆ ಒಂದು ಸಣ್ಣ ಶಬ್ದ ಬಿಟ್ಟರೆ ಅವನಲ್ಲಿ ಏನೂ ಉಳಿದಿರಲಿಲ್ಲ.

ಎಡಗಡೆಗೆ ಈಗ ನೂಕುನುಗ್ಗಲು. ಎಲ್ಲರಿಗೂ ವಿಷಯ ಗೊತ್ತು, ಎಲ್ಲರಿಗೂ ಮರುಕ. ದಾಖಲೆ ಅಕ್ಕ ಅವಳ ಎಡತೋಳಿಗೆ ತೋಳು ಸೇರಿಸಿಕೊಂಡಿದ್ದರು, ಅವರ ಹಿಂದೆ ಒಬ್ಬಳು ಬೆರಳಚ್ಚಿನ ಹುಡುಗಿ, ಅವಳ ಪಕ್ಕ ಇನ್ನೊಬ್ಬಳು. ಯಾರಾದರೂ ತಪ್ಪಿ ಬಲಕ್ಕೆ ಬಂದರೆ 'ಆ ಕಡೆ ಅಲ್ಲ ಕಣ್ರೀ, ಈ ಕಡೆ, ಈ ಕಡೆ!' ಎಂದು ಅಕ್ಕನೇ ಕೂಗಿ ಸರಿಪಡಿಸುತ್ತಿದ್ದರು. ಒಂದು ಮೊಳದ ಆ ಜಾಗದಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂದು ದರ್ಜಿ ಅವತ್ತು ನೋಡಿದ. ಸಾಹೇಬರು ಎಲ್ಲರಿಗಿಂತ ಮುಂದೆ ಒಬ್ಬರೇ ನಡೆಯುತ್ತಿದ್ದರು, ಹೆಗಲು ನೇರವಾಗಿ, ಕೋಟು ಒಂದಿಷ್ಟೂ ಮಡಿಕೆ ಬೀಳದೆ. ಅಂಥ ಕೋಟನ್ನು ಅವನು ಇನ್ನು ಹೊಲಿಯಲಾರ. ಉಳಿದದ್ದು ಅವಳ ಬಲಗಡೆ, ನೀರಿಗೂ ಅವಳಿಗೂ ನಡುವೆ ಒಂದು ಕಾಲಿಡುವಷ್ಟು ಅಂಚು. ದರ್ಜಿ ಅಲ್ಲಿಗೆ ಹೋದ. ಕಲ್ಲುಗಳ ಮೇಲೆ ಎಡವುತ್ತ, ಬೀಳದ ಹಾಗೆ ನೋಡಿಕೊಳ್ಳುತ್ತ, ಅವಳ ಹೆಜ್ಜೆಗೆ ಹೆಜ್ಜೆ ಹಾಕಿದ. ಮೊಣಕೈ ಒತ್ತೋಣವೆಂದು ಕೈ ಚಾಚಿದ, ಒತ್ತಲು ಧೈರ್ಯ ಬರಲಿಲ್ಲ.

'ತಪ್ಪಾಯ್ತು ಕಣೆ,' ಎಂದ.

ಅವಳು ಅಕ್ಕನ ಮಾತಿಗೆ ತಲೆಯಾಡಿಸುತ್ತಿದ್ದಳು.

'ನನಗೆ ಹೊಟ್ಟೆಕಿಚ್ಚು ಬಂತು. ನೀನು ಅವರಿಗೆ ಹೇಳಿದೀಯ ಅಂದ್ಕೊಂಡೆ. ತಪ್ಪಾಯ್ತು.'

ನೀರು ಅದನ್ನೂ ಎತ್ತಿಕೊಂಡು ಹೋಯಿತು. ಅವನು ಇನ್ನೂ ಏನೇನೋ ಹೇಳಿದ. ಅಮ್ಮನ ವಿಷಯ ಹೇಳಿದ, ಪಾರ್ಕಿನ ಬೆಂಚಿನ ವಿಷಯ ಹೇಳಿದ. ಮದುವೆಯಾದಾಗಿನಿಂದ ಅವನು ಅಷ್ಟು ಚೆನ್ನಾಗಿ, ಅಷ್ಟು ನಿಜವಾಗಿ ಅವಳ ಹತ್ತಿರ ಮಾತಾಡಿರಲಿಲ್ಲ. ಅವನ ತುಟಿ ಅಲ್ಲಾಡುವುದನ್ನು ಅಷ್ಟರಲ್ಲಿ ದಾಖಲೆ ಅಕ್ಕ ನೋಡಿದರು. ಅವರು ಒಳ್ಳೆಯವರು, ಸುಮ್ಮನಿರಲಾರರು. ಹೆಂಡತಿಯ ತೋಳನ್ನು ಜಗ್ಗಿ, ಇಡೀ ಕಣಿವೆಗೆ ಕೇಳಿಸುವ ಹಾಗೆ, 'ಏಯ್, ನಿಮ್ಮೆಜಮಾನ್ರು ಆವಾಗಿಂದ ಏನೋ ಹೇಳ್ತಿದ್ದಾರೆ ನೋಡೇ ಆ ಕಡೆ!' ಎಂದರು.

ಅವಳು ನಿಂತಳು. ಅವಳು ನಿಂತದ್ದಕ್ಕೆ ಎಲ್ಲರೂ ನಿಂತರು. ಮುಂದೆ ಹೋಗುತ್ತಿದ್ದ ಸಾಹೇಬರೂ ನಿಂತು ಹಿಂದೆ ನೋಡಿದರು. ಅವಳು ಪೂರ್ತಿ ತಿರುಗಿ ಅವನನ್ನು ನೇರವಾಗಿ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. ಕಚೇರಿಯಲ್ಲಿ ಹೊಸ ಸಾಕ್ಷಿಗಳನ್ನು ಮಾತಾಡಿಸುವಾಗ ಅವಳ ಮುಖದಲ್ಲಿ ಇರುವಂಥ ಒಂದು ಸೌಜನ್ಯವಿತ್ತು.

'ಏನಂದ್ರಿ? ಜೋರಾಗಿ ಹೇಳಿ ರೀ,' ಎಂದಳು. 'ಎಲ್ಲರಿಗೂ ಗೊತ್ತಾಯ್ತಲ್ಲ, ಇನ್ನೇನು ಸಂಕೋಚ?'

ಹನ್ನೆರಡು ಮುಖಗಳು ಅವನ ಬಾಯಿಯನ್ನೇ ನೋಡುತ್ತಿದ್ದವು. ದರ್ಜಿ ಉಸಿರೆಳೆದುಕೊಂಡ. ಈಗ ಹೇಳಿದ್ದನ್ನೆಲ್ಲ ಇನ್ನೊಂದು ಸಲ, ಜೋರಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಬೇಕಿತ್ತು, ಅಷ್ಟೆ.

'ಏನಿಲ್ಲ!' ಎಂದು ಕಿರುಚಿದ. 'ಹುಷಾರು ಅಂದೆ! ಕಲ್ಲು ಒದ್ದೆ ಇದೆ, ಕಾಲು ಜಾರೀತು!'

ಅವಳು ಸರಿ ಎಂಬಂತೆ ತಲೆಯಾಡಿಸಿ, ಮತ್ತೆ ಅಕ್ಕನ ತೋಳು ಹಿಡಿದುಕೊಂಡು, ಮುಂದೆ ನಡೆದಳು.